ರಾಗಿ ಕೋಣೆಯ ಲಾರ್ಜ್ ಹಾಲ್

ತೆರಕಣಾಂಬಿ
14 ಏಪ್ರಿಲ್ 2025, ಸೋಮವಾರ ಮಧ್ಯಾಹ್ನ

ಪ್ರೀತಿಯ ರೀ,

ಹೆಸರು ಹಿಡಿದೇ ಬರೆಯೋಣ ಅಂತ ಕೂತೆ, ಕೈ ಓಡಲಿಲ್ಲ. ಮದುವೆಯಾದಾಗಿನಿಂದ ‘ರೀ’ ಅಂದೂ ಅಂದೂ ಅದೇ ನಿಮ್ಮ ಹೆಸರಾಗಿಬಿಟ್ಟಿದೆ. ಹೇಗಿದ್ದೀರಿ? ಬೆನ್ನ ತುಂಬ ಎದ್ದಿದ್ದ ಬೆವರುಸಾಲೆ ಹೋಯಿತಾ? ಆ ಕಲ್ಲಿಕೋಟೆ ಸೆಕೆಯಲ್ಲಿ ಸ್ಪೀಕರ್ ಹೊತ್ತು ಹೊತ್ತು ಸೊಂಟ ಹಿಡಿಸಿಕೊಳ್ಳಬೇಡಿ, ನಿಮ್ಮ ಮೈಕ್ ಸೆಟ್ ಕಂಪನಿಯ ಹುಡುಗರಿಗೂ ಒಂದಿಷ್ಟು ಕೆಲಸ ಬಿಡಿ. ಮೀನು ತಿನ್ನಿ, ಬೇಡ ಅನ್ನುವುದಿಲ್ಲ, ಆದರೆ ಅತ್ತೆಗೆ ಹೇಳಬೇಡಿ. ಇಲ್ಲಿ ಅತ್ತೆಯ ಮಂಡಿನೋವು ಎಣ್ಣೆ ತಿಕ್ಕಿದ ದಿನ ವಾಸಿ, ತಿಕ್ಕದ ದಿನ ಜೋರು. ನಿಮ್ಮ ತಮ್ಮ ಗಣೇಶ ಅರಿಸಿನದ ಹೊಲಕ್ಕೆ ಹೋಗುತ್ತೇನೆ ಅಂತ ಹೊರಟು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲೇ ನೆಲೆ ನಿಲ್ಲುತ್ತಾನೆ. ಕಪ್ಪು ಹಸು ಕರು ಹಾಕಿದೆ, ಹೆಣ್ಣು. ಎಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕು ಈಗ, ಅದೇ ಪದ್ಧತಿ. ಬರೆದಿದ್ದೇನೆ ಅಂತಲೇ ತಿಳಿದುಕೊಳ್ಳಿ.

ಮನೆಯಲ್ಲಿ ಫೋನಿರುವಾಗ ಇವಳೇನು ಕಾಗದ ಬರೆಯುತ್ತಾಳೆ ಅಂತ ನಗಬೇಡಿ. ನೀವು ಫೋನ್ ಮಾಡುವ ಹೊತ್ತಿಗೆ ಅತ್ತೆ ಫೋನನ್ನು ಸ್ಪೀಕರ್‌ಗೆ ಹಾಕಿ ನಡುಮನೆಯ ಗೂಡಿನಲ್ಲಿ ಇಡುತ್ತಾರೆ. ಮಗನ ದನಿ ಮನೆಗೆಲ್ಲ ಕೇಳಬೇಕು ಅನ್ನುವುದು ಅವರ ಆಸೆ, ತಪ್ಪಲ್ಲ. ಆದರೆ ಗಣೇಶ ಇರುತ್ತಾನೆ, ಹಾಲು ಕೊಳ್ಳಲು ಬಂದವರು ಇರುತ್ತಾರೆ, ಹೋಗುತ್ತಿದ್ದವರೂ ಒಂದು ಗಳಿಗೆ ನಿಲ್ಲುತ್ತಾರೆ. ಅವರೆಲ್ಲರ ಮುಂದೆ ನೀವು “ಸ್ವರ್ಣ, ಎಂಗಿದ್ದೀಯ?” ಅಂದರೆ ನಾನು “ಹೂಂ” ಅನ್ನುತ್ತೇನೆ. ಮನೆಗೆಲ್ಲ ಅದೊಂದೇ ಫೋನು. ನಾನು ವಾಟ್ಸಾಪ್‌ನಲ್ಲಿ ಏನು ಟೈಪ್ ಮಾಡಿದರೂ ಗಣೇಶ ಅಮ್ಮನಿಗೆ ಓದಿ ಹೇಳುತ್ತಾನೆ. ಅದಕ್ಕೇ ಇದನ್ನು ಕಲ್ಲಿಕೋಟೆ ಬಸ್ಸಿನ ಡ್ರೈವರ್ ದೊರೆಸ್ವಾಮಿ ಅಣ್ಣನ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಹುರಿಹಿಟ್ಟಿನ ಡಬ್ಬದೊಳಗೆ ಪೆನ್‌ಡ್ರೈವ್ ಇದೆ, ಮೊದಲು ಅದನ್ನು ತೆಗೆದುಕೊಂಡು ಆಮೇಲೆ ಹಿಟ್ಟು ತಿನ್ನಿ.

ಈಗ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಯುಗಾದಿಗೆ ಬಂದಾಗ ನೀವು ಎರಡು ದಾರಿ ಇಟ್ಟು ಹೋದಿರಿ. ನಿಮ್ಮ ಸ್ನೇಹಿತರು ಮಾರುತ್ತಿರುವ ದನಿಗೆ ಎಕೋ ಕೂಡಿಸುವ ಆ ನಾಲ್ಕು ತಿರುಪಿನ ಎಫೆಕ್ಟ್ಸ್ ಬಾಕ್ಸ್ ಕೊಳ್ಳುವುದಾ, ಇಲ್ಲಾ ಲ್ಯಾಪ್‌ಟಾಪಿಗೆ ಅದೇ ಕೆಲಸ ಮಾಡುವ ಪ್ಲಗಿನ್ ಸಾಫ್ಟ್‌ವೇರ್ ಹಾಕಿಸುವುದಾ? ಯೋಚಿಸಿ ಹೇಳು ಅಂದಿರಿ. ಯೋಚಿಸಿದ್ದೇನೆ ರೀ, ಇನ್ನೇನು ಕೆಲಸ ನನಗೆ. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಪ್ಲಗಿನ್ನೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಖರ್ಚು ಕಡಿಮೆ, ಜಾಗ ಬೇಡ, ವೈರಿನ ಗೋಜಲಿಲ್ಲ. ಬಾಕ್ಸಿನ ಮೂಲಕ ಹಾಡಿದರೆ ಎಕೋ ದನಿಯ ಜೊತೆಯಲ್ಲೇ ಅಚ್ಚಾಗಿಬಿಡುತ್ತದೆ, ಸಾರಿಗೆ ಉಪ್ಪು ಜಾಸ್ತಿ ಬಿದ್ದ ಹಾಗೆ, ವಾಪಸ್ ತೆಗೆಯುವುದಕ್ಕಾಗುವುದಿಲ್ಲ. ಪ್ಲಗಿನ್‌ನಲ್ಲಾದರೆ ದನಿ ಎಕೋ ಇಲ್ಲದೆ ಒಣಗಿದ್ದು ಒಣಗಿದ್ದಾಗಿಯೇ ಇರುತ್ತದೆ, ಬೇಕಾದಾಗ ಎಕೋ ಹಾಕಬಹುದು, ಬೇಡವಾದರೆ ತೆಗೆಯಬಹುದು. ನಾನು ಇಲ್ಲಿ ಹಾಡಿ ಕಳಿಸಿದರೆ ನೀವು ಅಲ್ಲೇ ಕೂತು ಹದ ಮಾಡಬಹುದು. ನೀವು ಹೇಳಿದ್ದು ಎಲ್ಲವೂ ನಿಜ. ಒಂದು ತಿಂಗಳಿಗೆ ಬಿಟ್ಟಿ ಹಾಕಿಕೊಟ್ಟು ಹೋದಿರಲ್ಲ, ಆ ಪ್ಲಗಿನ್‌ಗಳನ್ನೆಲ್ಲ ಹಾಕಿ ನೋಡಿದೆ. ಅದರಲ್ಲಿ ಕೋಣೆಗಳ ಪಟ್ಟಿಯೇ ಇದೆ: ಸ್ಮಾಲ್ ರೂಮ್, ಲಾರ್ಜ್ ಹಾಲ್, ಚರ್ಚ್. ಒಂದು ಬಟನ್ ಒತ್ತಿದರೆ ನನ್ನ ದನಿ ದೊಡ್ಡ ಹಾಲಿನಲ್ಲಿ ನಿಂತು ಹಾಡುತ್ತದೆ. ನಾನು ಮಾತ್ರ ರಾಗಿ ಕೋಣೆಯಲ್ಲೇ ಇರುತ್ತೇನೆ.

ಆ ಕೋಣೆಯನ್ನು ನೀವು ಎಷ್ಟು ಪ್ರೀತಿಯಿಂದ ಮಾಡಿಕೊಟ್ಟಿರಿ ಅನ್ನುವುದು ನನಗೆ ಗೊತ್ತು. ರಾಗಿ ಮೂಟೆ ಅಟ್ಟಕ್ಕೆ ಸಾಗಿಸಿ, ಗೋಡೆಗೆಲ್ಲ ಕೌದಿ ಹೊಡೆದು, ಬಸ್ಸಿನ ಸದ್ದು ಬರಬಾರದು ಅಂತ ಕಿಟಕಿಗೆ ಗೋಣಿ ತುರುಕಿ, ಕೈಗೆ ಸುತ್ತಿಗೆ ಏಟು ಬಿದ್ದರೂ ನಗುತ್ತಿದ್ದಿರಿ. ಅತ್ತೆ ಬಂದವರಿಗೆಲ್ಲ ತೋರಿಸುತ್ತಾರೆ: “ನಮ್ ಸೋಮಣ್ಣ ಎಂಡ್ರುಗೆ ಮನೇಲೇ ಇಸ್ಟುಡಿಯೋ ಕಟ್ಟವ್ನೆ ಕಣಕ್ಕ. ಇನ್ನು ಇವ್ಳು ಆಚಿಕಡೆ ಯಾಕೋಗ್ಬೇಕು?” ಆ ಮಾತಿನಲ್ಲಿ ಹೆಮ್ಮೆಯೇ ಇರುವುದು, ಕೊಂಕಿಲ್ಲ. ಅದಕ್ಕೇ ನನಗೆ ಎದುರಾಡಲೂ ಬಾಯಿ ಬರುವುದಿಲ್ಲ. ಬಯ್ಯುವವರ ಹತ್ತಿರ ಜಗಳ ಆಡಬಹುದು, ಹೊಗಳುವವರ ಹತ್ತಿರ ಏನಂತ ಆಡುವುದು? ಆದರೆ ರೀ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಫ್ಯಾನ್ ಹಾಕಿದರೆ ಮೈಕಿಗೆ ಸದ್ದು, ಹಾಕದಿದ್ದರೆ ಬೆವರು ಕಣ್ಣಿಗೆ ಇಳಿಯುತ್ತದೆ.

ಸೋಬಾನೆ ಪದ ಒಬ್ಬರು ಹಾಡುವುದಲ್ಲ, ನಿಮಗೂ ಗೊತ್ತು. ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ಎತ್ತಿಕೊಳ್ಳಬೇಕು. ಅವರು ಎತ್ತಿಕೊಂಡಾಗ ಮೊದಲಿನವಳಿಗೆ ಉಸಿರು ಎಳೆದುಕೊಳ್ಳುವುದಕ್ಕೆ, ಮುಂದಿನ ಸೊಲ್ಲು ನೆನೆಸಿಕೊಳ್ಳುವುದಕ್ಕೆ, ಎಲೆ ಅಡಿಕೆ ಕೆನ್ನೆ ಬದಲಾಯಿಸುವುದಕ್ಕೆ ಬಿಡುವು. ಕೋಣೆಯಲ್ಲಿ ಸೊಲ್ಲು ಎತ್ತುವವಳೂ ನಾನೇ, ಎತ್ತಿಕೊಳ್ಳುವವಳೂ ನಾನೇ. ನೀವು ಹಾಕಿಕೊಟ್ಟ ಆ ಕೋರಸ್ ಪ್ಲಗಿನ್ ನನ್ನೊಬ್ಬಳನ್ನು ಎಂಟು ಹೆಂಗಸರನ್ನಾಗಿ ಮಾಡಿತು. ಪಕ್ಕದ ಬೀದಿಯ ದೊಡ್ಡಮಾದಮ್ಮನಿಗೆ ಕೇಳಿಸಿದೆ. ನಮ್ಮೂರ ಮದುವೆಗಳಲ್ಲಿ ಇಷ್ಟು ವರ್ಷ ಮೊದಲ ಸೊಲ್ಲು ಎತ್ತಿದ ಮುದುಕಿ, ಈಗ ಉಬ್ಬಸ. ಹೆಡ್‌ಫೋನ್ ತಲೆಗೆ ಹಾಕಿಕೊಂಡು ಕೇಳಿ, “ಇವ್ರೆಲ್ಲ ಯಾವೂರೋರಮ್ಮಿ? ಒಬ್ಳೂ ಕೆಮ್ಮಕಿಲ್ಲ, ಒಬ್ಳೂ ನಗಾಕಿಲ್ಲ, ಏನ್ ಸಾವಿನ್ ಮನೆಗ್ ಬಂದವ್ರಾ?” ಅಂದಳು. ನಗು ಬಂತು, ಆಮೇಲೆ ಅಳುವೂ ಬಂತು.

ಇನ್ನೊಂದು ಕೇಳಿ. ಭೀಮನಬೀಡಿನ ನೆಂಟರ ಮದುವೆಗೆ ಸೋಬಾನೆಗೆ ಕರೆದಿದ್ದರು. ಅತ್ತೆ, “ಗಂಡ ಊರಲ್ಲಿಲ್ಲ, ಇವ್ಳು ಅಲ್ಲೋಗಿ ಮೈಕ್ ಹಿಡ್ಕಂಡು ನಿಂತ್ರೆ ಜನ ಏನಂದಾರು? ದನಿ ಅಲ್ವಾ ಬೇಕಾಗಿರೋದು” ಅಂತ ಪೆನ್‌ಡ್ರೈವ್ ಕೊಟ್ಟು ಗಣೇಶನನ್ನು ಕಳಿಸಿದರು. ಅಲ್ಲಿ ಸ್ಪೀಕರ್ ಪೆಟ್ಟಿಗೆಯಲ್ಲಿ ನಾನು ಹಾಡಿದ್ದೇ ಹಾಡಿದ್ದು. ಹಾಡಿದವರಿಗೆ ಮರ್ಯಾದೆ ಮಾಡದೆ ಕಳಿಸಬಾರದಲ್ಲ, ಗಣೇಶನ ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಕೊಟ್ಟು ಕಳಿಸಿದ್ದಾರೆ! ರವಿಕೆ ಕಣ ಹಿಡಿದುಕೊಂಡು ಬಂದ ಪುಣ್ಯಾತ್ಮ, “ತಗಳತ್ಗೆ, ಒಳ್ಳೇ ಊಟ ಕಣತ್ಗೆ, ಪಾಯಸ ಬೊಂಬಾಟು” ಅಂದ. ನನ್ನ ದನಿ ಮದುವೆಗೆ ಹೋಗಿ ಬಂತು, ನಾನು ಮನೆಯಲ್ಲಿ ಮುದ್ದೆ ತಿರುವಿದೆ. ಆ ರವಿಕೆ ಕಣ ಇನ್ನೂ ಹೊಲಿಸಿಲ್ಲ.

ಕಳೆದ ಗುರುವಾರ ನಡೆದದ್ದನ್ನು ಫೋನಿನಲ್ಲಿ ನಿಮಗೆ ಯಾರೂ ಹೇಳಿಲ್ಲ. ಕೋಣೆಯ ಒಳಚಿಲಕ ಮುರಿದಿದೆ. ಕರು ನುಗ್ಗಿ ಬಾಗಿಲು ತಳ್ಳುತ್ತದೆ ಅಂತ ಅತ್ತೆ ಹೊರಗಿನಿಂದ ಚಿಲಕ ಹಾಕುತ್ತಾರೆ, ಮುಗಿಯಿತಾ ಅಂತ ಕೇಳಿ ತೆಗೆಯುತ್ತಾರೆ. ಅವತ್ತು ಚಿಲಕ ಹಾಕಿದವರು ಸಂತೆಗೆ ಹೊರಟುಹೋದರು. ಮರೆತರು ಅಷ್ಟೇ. ಕರೆಂಟ್ ಹೋಯಿತು, ಫೋನು ಗೂಡಿನಲ್ಲಿತ್ತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ರೆಕಾರ್ಡ್ ಆಗುತ್ತಲೇ ಇತ್ತು. ಕೂಗಿದೆ. ಬಾಗಿಲು ಬಡಿದೆ. ನೀವು ಆ ಕೋಣೆಯನ್ನು ಅಷ್ಟು ಚೆನ್ನಾಗಿ ಮಾಡಿದ್ದೀರಿ ರೀ, ಒಂದು ಸದ್ದೂ ಆಚೆ ಹೋಗಲಿಲ್ಲ. ಕೂಗಿ ಸಾಕಾಗಿ ಕೂತೆ. ಇನ್ನೇನು ಮಾಡಲಿ ಅಂತ ಆ ಕೂಗಿಗೇ ಲಾರ್ಜ್ ಹಾಲ್ ಹಾಕಿ ಕೇಳಿದೆ. ಎಷ್ಟು ಇಂಪಾಗಿತ್ತು ಗೊತ್ತಾ? ‘ಅತ್ತೇ, ಬಾಗಿಲು ತೆಗೀರಿ’ ಅನ್ನುವುದು ಯಾವುದೋ ಪದದ ಸೊಲ್ಲಿನ ಹಾಗಿತ್ತು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ದೊಡ್ಡಮಾದಮ್ಮ ಮಜ್ಜಿಗೆ ಕೇಳಲು ಬಂದವಳು ಮನೆ ಬಿಕೋ ಅನ್ನುವುದನ್ನು ನೋಡಿ ಚಿಲಕ ತೆಗೆದಳು. ನಾನು ಬೆವರಿನಲ್ಲಿ ಅದ್ದಿ ತೆಗೆದ ಹಾಗಿದ್ದೆ. “ಅಯ್ಯೋ ನಿನ್ ಮನೆ ಕಾಯ್ವಾಗ, ರಾಗಿ ಮೂಟೆ ಮಡಗ್ದಂಗೆ ಮಡಗವ್ರಲ್ಲವ್ವ ನಿನ್ನ!” ಅಂದಳು. ಅತ್ತೆ ಬಂದು ಎದೆ ಬಡಿದುಕೊಂಡರು, ನನ್ನ ಕೈ ಹಿಡಿದು ಅತ್ತರು, ತಾವೇ ಮಜ್ಜಿಗೆ ಕಡೆದು ಕುಡಿಸಿದರು. ಮಾರನೆಯ ದಿನ ಮತ್ತೆ ಹೊರಗಿನಿಂದಲೇ ಚಿಲಕ ಹಾಕಿದರು.

ದೊಡ್ಡಮಾದಮ್ಮ ಅವತ್ತು ಬಂದದ್ದು ಮಜ್ಜಿಗೆಗೆ ಮಾತ್ರವಲ್ಲ. ಮೇ ನಾಲ್ಕನೇ ತಾರೀಕು ಚಾಮರಾಜನಗರದಲ್ಲಿ ಹಾಡುವುದಕ್ಕೆ ನಮ್ಮೂರ ಹೆಂಗಸರನ್ನು ಕರೆದಿದ್ದಾರೆ. ಮೊದಲ ಸೊಲ್ಲು ಎತ್ತುವುದಕ್ಕೆ ಅವಳಿಗೆ ಉಸಿರಿಲ್ಲ. “ನೀನ್ ಎತ್ತು, ನಾವ್ ಎತ್ಕತೀವಿ” ಅಂದಳು. ಎಂಟು ಬೇರೆ ಬೇರೆ ಗಂಟಲು ರೀ! ಅತ್ತೆ ಅಲ್ಲೇ ಕೂತಿದ್ದರು. “ಅದ್ಕೇನಂತೆ, ಇವ್ಳ್ ಪಾಲಿಂದು ಪೆನ್‌ಡ್ರೈವ್ ಕೊಡ್ತೀನಿ, ನೀವು ಹೋಗಿ ಎತ್ಕಳಿ” ಅಂದುಬಿಟ್ಟರು. ನಾನು ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದೆ.

ಅದಕ್ಕೇ ನನಗೆ ಪ್ಲಗಿನ್ ಬೇಡ, ಬಾಕ್ಸ್ ತನ್ನಿ. ಕಾರಣ ಸಂಗೀತದ್ದಲ್ಲ. ನಮ್ಮ ಮನೆಯ ಪದ್ಧತಿ ನಿಮಗೇ ಗೊತ್ತು. ಔಷಧಿ ಹೊಡೆಯುವ ಪಂಪ್ ಇರಲಿ, ಒಕ್ಕಣೆ ಮೆಷಿನ್ ಇರಲಿ, ಕೇಳಿದವರಿಗೆ ಅತ್ತೆ ಇಲ್ಲ ಅನ್ನುವುದಿಲ್ಲ, ಆದರೆ ಮನೆಯವರೊಬ್ಬರು ಜೊತೆಗೆ ಹೋಗದೆ ಸಾಮಾನು ಹೊಸಿಲು ದಾಟುವುದಿಲ್ಲ. ಪೆನ್‌ಡ್ರೈವ್ ಅವರ ಲೆಕ್ಕಕ್ಕೆ ಸಾಮಾನೇ ಅಲ್ಲ, ಯಾರ ಜೇಬಿನಲ್ಲಾದರೂ ಹೋಗುತ್ತದೆ. ಬಾಕ್ಸ್ ಹಾಗಲ್ಲ, ತೂಕವಿದೆ, ತಿರುಪಿದೆ, ಲೈಟು ಉರಿಯುತ್ತದೆ. ಯುಗಾದಿಯಲ್ಲಿ ಅದನ್ನು ಅಂಗಳದಲ್ಲಿಟ್ಟು ತೋರಿಸಿದಿರಲ್ಲ, ಗಣೇಶ ಕೈ ಹಾಕಿ ಕುಂಯ್ ಅನ್ನಿಸಿ ನಾಯಿಗಳನ್ನೆಲ್ಲ ಎಬ್ಬಿಸಿದ್ದು, ಅತ್ತೆ “ಮುಟ್ಬೇಡ ಕಣ್ಲಾ, ಅದು ಸ್ವರ್ಣಂಗೇ ಸೈ” ಅಂದದ್ದು ನೆನಪಿದೆಯಾ? ಬಾಕ್ಸ್ ಚಾಮರಾಜನಗರಕ್ಕೆ ಹೋಗಬೇಕಾದರೆ ನಾನು ಜೊತೆಗೆ ಹೋಗಲೇಬೇಕು. ಗಂಡ ತಂದ ಸಾಮಾನು ಕಾಯುವುದಕ್ಕೆ ಹೆಂಡತಿ ಹೋದಳು ಅಂದರೆ ಯಾರೂ ಏನೂ ಅನ್ನುವುದಿಲ್ಲ. ಹಾಡುವುದಕ್ಕೆ ಹೋದಳು ಅಂದರೆ ಮಾತ್ರ ಅನ್ನುತ್ತಾರೆ. ನೋಡಿ, ಒಂದು ಪೆಟ್ಟಿಗೆಯ ಹಿಂದೆ ಬಸ್ ಹತ್ತುವ ಯೋಚನೆ ಮಾಡುವ ಹಾಗಾಗಿದ್ದೇನೆ.

ನೀವು ನನ್ನನ್ನು ಮೊದಲು ನೋಡಿದ್ದು ನನ್ನ ತವರು ಹರದನಹಳ್ಳಿಯ ಚಪ್ಪರದಲ್ಲಿ. ಮೈಕ್ ಸೆಟ್ ಹುಡುಗನಾಗಿ ಬಂದಿದ್ದಿರಿ. ಹೆಂಗಸರ ಗುಂಪಿನಲ್ಲಿ ಮಕ್ಕಳು ಅಳುತ್ತಿದ್ದವು, ಯಾರೋ ಪಾತ್ರೆ ಬೀಳಿಸಿದರು, ಅದರ ನಡುವೆ ನನ್ನ ದನಿ ಹಿಡಿಸಿತು ಅಂತ ನೀವೇ ಎಷ್ಟು ಸಲ ಹೇಳಿಲ್ಲ! ನಿಮಗೆ ಹಿಡಿಸಿದ್ದು ಆ ದನಿ ರೀ. ಅದು ಕೌದಿಯ ನಡುವೆ ಇಲ್ಲ.

ದೊರೆಸ್ವಾಮಿ ಅಣ್ಣನ ಬಸ್ಸಿನ ಹೊತ್ತಾಯಿತು. ಮೈ ಕಡೆ ಗಮನವಿರಲಿ, ಬಿಸಿನೀರೇ ಕುಡಿಯಿರಿ. ಅತ್ತೆಯ ಆಶೀರ್ವಾದವನ್ನು ನಾನೇ ಬರೆಯುತ್ತಿದ್ದೇನೆ, ಈ ಕಾಗದದ ವಿಷಯ ಅವರಿಗೆ ಗೊತ್ತಿಲ್ಲ. ಹೊಸ ಕರುವಿಗೆ ಒಂದು ಹೆಸರು ಯೋಚಿಸಿ.

ನಿಮ್ಮವಳೇ,
ಸ್ವರ್ಣಲತಾ

ಮರೆತಿದ್ದೆ: ಪೆನ್‌ಡ್ರೈವಿನ ಕೊನೆಯ ಫೈಲು ಹಾಡಲ್ಲ, ಗುರುವಾರದ್ದು. ಅದಕ್ಕೆ ಯಾವ ಎಫೆಕ್ಟೂ ಹಾಕದೆ ಒಣಗಿದ್ದನ್ನೇ ಕೇಳಿ. ಕೇಳಿದ ಮೇಲೆ ಫೋನ್ ಮಾಡಿ, ಸ್ಪೀಕರ್‌ನಲ್ಲೇ ಇರಲಿ, ಎಲ್ಲರಿಗೂ ಕೇಳುವ ಹಾಗೆ “ಬಾಕ್ಸ್ ತರ್ತೀನಿ, ಸ್ವರ್ಣನೇ ತಗೊಂಡೋಗಿ ಹಾಡ್ಲಿ” ಅಂತ ಒಂದು ಮಾತು ಹೇಳಿ. ನೀವು “ಪ್ಲಗಿನ್ನೇ ಸಾಕು ಬುಡು” ಅಂದರೂ ನಾನು “ಹೂಂ” ಅಂತಲೇ ಅನ್ನುತ್ತೇನೆ. ಆ ಗೂಡಿನ ಮುಂದೆ ನನಗೆ ಬರುವುದು ಅದೊಂದೇ ಮಾತು.