ಗೋಡೆಯ ಮೇಲಿನ ದಳಪತಿ

ಚೆನ್ನಿಮಲೆ, ನವೆಂಬರ್ ೧೪, ಗುರುವಾರ.

ಆ ಬೆರಳು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಇವತ್ತು ಸಂಘದ ಭವನದಲ್ಲಿ ನಮ್ಮ ಸೆಂಗುಂದರ್ ನೇಕಾರ ಕುಲದ ಗಣ್ಯರ ಪಟಗಳನ್ನು ತೂಗುಹಾಕಿದರು. ಎಲ್ಲಕ್ಕಿಂತ ದೊಡ್ಡದು ಚೋಳರ ಕಾಲದ ದಳಪತಿಯದು. ಯಾರದೋ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಫೋಟೊ ನೋಡಿ ಬರೆಸಿದ್ದಂತೆ. ಚೋಳರ ಕಾಲದಲ್ಲಿ ಫೋಟೊ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಕಿರೀಟ, ಮೀಸೆ, ಕತ್ತಿ ಎಲ್ಲ ಭರ್ಜರಿ. ಕತ್ತಿ ಹಿಡಿದ ಕೈಯ ತೋರುಬೆರಳು ಮಾತ್ರ ಸೊಟ್ಟ.

ಮಗ್ಗಕ್ಕೆ ಸಿಕ್ಕಿ ಮುರಿದ ನನ್ನ ತಾತನ ಬೆರಳು ಅದು. ಮುರುಗ ಅಸುರನನ್ನು ಕೊಂದ ಸೂರಸಂಹಾರ ಹಬ್ಬದ ದಿನ ನಮ್ಮ ನೇಕಾರರು ಅವನ ಒಂಬತ್ತು ವೀರರ ವೇಷ ಹಾಕುತ್ತಾರಲ್ಲ, ತಾತ ಪ್ರತಿವರ್ಷ ಅವರ ನಾಯಕ ವೀರಬಾಹು. ಕತ್ತಿ ಮರದ್ದು.

ಅಧ್ಯಕ್ಷ ತಂಗವೇಲು ಮಾವನ ಕಿವಿಯಲ್ಲಿ ಹೇಳಿದೆ.

"ಸುಮ್ನಿರಮ್ಮ, ಹಾರ ಹಾಕಿ ಆಯ್ತು. ಈಗ ಇಳಿಸಿದ್ರೆ ಯಾರ ಮರ್ಯಾದೆ ಹೋಗುತ್ತೆ?" ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ.

"ನಮ್ಮಪ್ಪ ಐವತ್ತು ವರ್ಷ ನೇಯ್ದ್ರು. ಒಬ್ರಾದ್ರೂ ಒಂದು ಹೂವು ಕೊಟ್ರಾ? ಇರ್ಲಿ ಬಿಡೆ."

ಇರಲಿ ಎಂದರೆ ಸುಳ್ಳಿಗೆ ನಾನೂ ಸೇರಿದ ಹಾಗೆ. ಇಳಿಸಿ ಎಂದರೆ ತಾತನನ್ನೇ ಇಳಿಸಿದ ಹಾಗೆ. ಕೆಳಗೆ ತಾತನ ಹೆಸರು ಬರೆಯಿರಿ ಎನ್ನಲೇ? ಬರೆದರೆ ಆ ಹಾರ ಉಳಿದೀತೇ? ಒಂದೂ ಗೊತ್ತಾಗುತ್ತಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು ನಿಂತಳು.

"ಬೆಳಿಗ್ಗೆ ಭವನಕ್ಕೆ ನನ್ನೂ ಕರ್ಕೊಂಡು ಹೋಗು. ನಮ್ಮನೇಲಿ ಅಪ್ಪಂದು ಒಂದು ಫೋಟೊನೂ ಇಲ್ಲ. ಮುಖ ಮರೆತೇ ಹೋಗ್ತಿದೆ."