ಎಡ ಸೀಟಿನ ತೂಕ

ಅದಿರಲಿ ಮಾನ್ಯರೇ, ನಿನ್ನೆ ನಿಮ್ಮ ಕೌಂಟರಿನ ಗಾಜು ಮುಚ್ಚಿದಾಗ ಅರ್ಧಕ್ಕೆ ನಿಂತ ಮಾತಿಗೇ ಬರುತ್ತೇನೆ: ನನ್ನ ಪುಟ್ಟ ಕಾರು ಬಲಕ್ಕೆ ವಾಲಿರುವುದು ನಿಜ. ವಾಹನ ತಪಾಸಣಾಧಿಕಾರಿಗಳಾದ ತಾವು ಅದನ್ನು ಅಳೆದು, 'ಸ್ಪ್ರಿಂಗ್ ಕತ್ತರಿಸಿ ಎತ್ತರ ತಗ್ಗಿಸಲಾಗಿದೆ. ಎಡಬಲಕ್ಕೆ ಇಪ್ಪತ್ತು ಮಿಲಿಮೀಟರ್ ವ್ಯತ್ಯಾಸ. ಕಾರಣ ತಿಳಿದಿಲ್ಲ' ಎಂದು ಬರೆದಿದ್ದೀರಿ. ಹದಿನೈದು ದಿನದೊಳಗೆ ಹೊಸ ಸ್ಪ್ರಿಂಗ್ ಹಾಕಿಸದಿದ್ದರೆ ನೋಂದಣಿ ರದ್ದಂತೆ. ಕಾರಣ ಹೇಳಲು ಬಂದವನಿಗೆ ಊಟದ ಹೊತ್ತು ಎಂದಿರಿ. ಹಾಗಾದರೆ ಅದು ತಿಳಿಯುವುದಾದರೂ ಹೇಗೆ?

ಈ ವಯಸ್ಸಿನಲ್ಲಿ ನನಗೇನು ರೇಸಿನ ಹುಚ್ಚೇ? ನನ್ನಾಕೆಗೆ ಕಾಲುಗಳ ಸ್ವಾಧೀನ ತಪ್ಪಿದ ಮೇಲೆ, ಗಾಲಿಕುರ್ಚಿಗಿಂತ ಎರಡೇ ಇಂಚು ಎತ್ತರವಿದ್ದ ಕಾರಿನ ಸೀಟು ಬೆಟ್ಟವಾಯಿತು. ಎತ್ತಿ ಕೂರಿಸಲು ಹೋಗಿ ನನ್ನ ಬೆನ್ನೂ ಹಿಡಿದುಕೊಂಡಿತು. ಹೊರಕ್ಕೆ ತಿರುಗುವ ಸೀಟಿನ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡು ಬಂದೆ. ಕಾಲೇಜಿನಲ್ಲಿ ಓದಿದ್ದೆವಲ್ಲ, 'ನೆಸೆಸಿಟಿ ಈಸ್ ದ ಮದರ್ ಆಫ್' ಏನೋ. ಯಾರ ತಾಯಿಯೋ ಮರೆತೆ.

ಗ್ಯಾರೇಜಿನ ಮೇಸ್ತ್ರಿ ನಾಲ್ಕೂ ಸ್ಪ್ರಿಂಗ್ ಬಿಚ್ಚಿದ. "ಗ್ಯಾಸ್ ಬೆಂಕಿ ತಾಗಿಸಿದ್ರೆ ಸ್ಪ್ರಿಂಗ್ ಸತ್ತೇಹೋಗುತ್ತೆ ಸಾರ್, ಕಟಿಂಗ್ ಮೆಷಿನ್‌ನಲ್ಲೇ ಕೊಯ್ತೀನಿ" ಎಂದು ಒಂದೊಂದು ಸುತ್ತು ತೆಗೆದ. ಗಾಲಿಕುರ್ಚಿಗೂ ಸೀಟಿಗೂ ನಡುವೆ ಹಲಗೆ ಇಟ್ಟರೆ ಆಕೆ ತಾನೇ ಜಾರಿ ಸೀಟಿಗೆ ಬಂದಳು. ಬಂದವಳೇ ತಕರಾರು.

"ರೀ, ಕಾರು ನನ್ನ ಕಡೆ ವಾಲ್ತು. ನೀವೋ ಕಡ್ಡಿ, ನಾನೋ ಒರಳುಕಲ್ಲು. ನೋಡಿದೋರು ನಗಲ್ವಾ?"

"ಯಜಮಾನ್ರ ಕಡೆ ಇನ್ನರ್ಧ ಸುತ್ತು ಕೊಯ್ದುಬಿಡ್ಲಾ ಅಕ್ಕಾ?"

"ಕೊಯ್ಯಪ್ಪ. ಮದುವೆಯಾದಾಗಿಂದ ನನ್ನ ಕೈಲಂತೂ ಅವರನ್ನ ತಗ್ಗಿಸೋಕಾಗಿಲ್ಲ."

ಕೊಯ್ದ. ಇಬ್ಬರನ್ನೂ ಕೂರಿಸಿ ಟೇಪು ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು, ಒಪ್ಪುತ್ತೇನೆ. ಪ್ರತಿ ರಸ್ತೆಯುಬ್ಬಿನಲ್ಲೂ ಆಕೆ ಹಿಡಿಕೆ ಹಿಡಿದು, "ಉಸಿರು ಬಿಗಿ ಹಿಡ್ದಿದ್ದೀನಿ, ಬೇಗ ದಾಟಿಸ್ರೀ" ಎನ್ನುತ್ತಿದ್ದಳು, ಉಸಿರಿಗೂ ತೂಕವಿದೆ ಎಂಬಂತೆ. ಆಕೆ ಹೋಗಿ ಹನ್ನೊಂದು ತಿಂಗಳು. ಈಗ ಕಾರು ಹಗುರ, ಉಜ್ಜಬಾರದು. ಆದರೂ ಆಸ್ಪತ್ರೆ ತಿರುವಿನ ಉಬ್ಬಿನಲ್ಲಿ, ಅದೊಂದೇ ಕಡೆ, ಉಜ್ಜುತ್ತದೆ. ಇಳಿದು ಬಗ್ಗಿ ನೋಡಿದರೆ ಅಡಿಯಲ್ಲಿ ನಾಲ್ಕು ಬೆರಳು ಜಾಗ. ಇದನ್ನು ಬರೆಯಲು ನಿಮ್ಮ ನಮೂನೆಯಲ್ಲಿ ಯಾವ ಕಲಂ ಇದೆ, ಸ್ವಾಮಿ?

ಹೊಸ ಸ್ಪ್ರಿಂಗ್ ಹಾಕಿಸುತ್ತೇನೆ, ಕಾನೂನು ಕಾನೂನೇ. ಅದಕ್ಕೆ ಮುಂಚೆ ಒಂದೇ ಒಂದು ಸಲ, ನಾನು ಚಾಲಕನ ಸೀಟಿನಲ್ಲಿರುವಾಗ, ಎಡ ಸೀಟಿನಲ್ಲಿ ಎಪ್ಪತ್ತೆಂಟು ಕೆಜಿಯ ಸಿಬ್ಬಂದಿಯೊಬ್ಬರನ್ನು ಕೂರಿಸಿ ಅಳೆಯಿರಿ. ಊಟದ ಹೊತ್ತು ತಪ್ಪದ ಕಚೇರಿಯಲ್ಲಿ ಅಂಥವರಿಗೆ ಬರವಿರಲಾರದು. 'ವ್ಯತ್ಯಾಸವಿಲ್ಲ' ಎಂದು ಬರೆದು ಮೊಹರು ಒತ್ತಿ ಕೊಡಿ. ನಾವಿಬ್ಬರೂ ಸಮನಾಗಿ ಕೂತಿದ್ದೆವು ಎಂಬುದಕ್ಕೆ ನನ್ನಲ್ಲಿ ಬೇರೆ ದಾಖಲೆಯಿಲ್ಲ.

ಇದನ್ನು ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಡ್ಯಾಶ್‌ಬೋರ್ಡಿನ ಮೇಲಿಟ್ಟ ಪೆನ್ನಿನ ಮುಚ್ಚಳ ಮಧ್ಯಾಹ್ನದಿಂದ ಬಲಕ್ಕೆ ಉರುಳಿ ಉರುಳಿ ಬಾಗಿಲಿಗೆ ಬಡಿಯುತ್ತಿತ್ತು. ಈಗ ಬೆಳಕು ಇಳಿಯುತ್ತಿದೆ, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಮುಚ್ಚಳ ಮಾತ್ರ ಇಟ್ಟಲ್ಲೇ ಇದೆ. ನಾನೂ ಉಸಿರು ಬಿಗಿ ಹಿಡಿದು ಕೂತಿದ್ದೇನೆ.

ಇಂತಿ,
ಬಲಕ್ಕೆ ವಾಲಿದ ವಾಹನದ,
ತಾನೂ ಹಾಗೇ ವಾಲಿದ ಮಾಲೀಕ