ಉದೇಶಿಕಾಳ ಮನೆಯವರು

ಕುವೈತ್
6 ನವೆಂಬರ್ 1998

ಗೌರವದ ಹೇರತ್ ಟೀಚರ್ ಅವರಿಗೆ,

ತ್ರಿರತ್ನಗಳ ಶರಣು ನಿಮಗಿರಲಿ. ನಿಮ್ಮ ಕಾಗದ ಹೋದ ವಾರ ಕೈಸೇರಿತು. ಉದೇಶಿಕಾ ಗಣಿತದಲ್ಲಿ ಚೆನ್ನಾಗಿ ಅಂಕ ತೆಗೆದಿದ್ದಾಳೆ, ಇಸ್ತ್ರಿ ಮಾಡಿದ ಬಿಳಿ ಫ್ರಾಕು ಹಾಕಿಕೊಂಡು, ಎರಡು ಜಡೆ ಬಿಗಿಯಾಗಿ ಹೆಣೆದುಕೊಂಡು ದಿನವೂ ಶಾಲೆಗೆ ಬರುತ್ತಾಳೆ ಎಂದು ಬರೆದಿದ್ದೀರಿ. ಅಡುಗೆಮನೆಯ ನೆಲದಲ್ಲೇ ಕುಳಿತು ಅದನ್ನು ಮತ್ತೆ ಮತ್ತೆ ಓದಿದೆ. ಪರದೇಶದಲ್ಲಿ ಮನೆಗೆಲಸಕ್ಕಿರುವ ತಾಯಂದಿರಿಗೆಲ್ಲ ಏಳನೆಯ ತರಗತಿಯ ಟೀಚರೊಬ್ಬರು ಪ್ರತಿ ಪರೀಕ್ಷೆ ಮುಗಿದ ಮೇಲೆ ಕುಳಿತು ಶಾಲೆಯ ಸುದ್ದಿ ಬರೆಯುತ್ತಾರೆಂದರೆ ಇಲ್ಲಿಯ ನಮ್ಮ ಹೆಂಗಸರು ನಂಬುವುದಿಲ್ಲ. ನಿಮ್ಮ ಕಾಗದ ತೋರಿಸಿದ ಮೇಲೆ ನಂಬುತ್ತಾರೆ, ಆಮೇಲೆ ತಂತಮ್ಮ ಮಕ್ಕಳ ಫೋಟೋ ತೆಗೆದು ನೋಡುತ್ತಾರೆ.

ಟೀಚರ್, ಒಂದು ಮಾತು ಕೇಳಬೇಕು. ಶಾಲೆಯ ಶ್ರಮದಾನಕ್ಕೆ ಎಲ್ಲ ಮಕ್ಕಳ ಮನೆಯವರೂ ಬಂದಿದ್ದರು, ಉದೇಶಿಕಾಳ ಮನೆಯವರೂ ಬಂದಿದ್ದರು ಎಂದು ಬರೆದಿದ್ದೀರಿ. ನಮ್ಮ ಮನೆಯಿಂದ ಬಂದದ್ದು ಯಾರು? ನನ್ನ ಅತ್ತೆಗೆ ಮಂಡಿನೋವು, ಅಂಗಳ ದಾಟಲಾರರು. ನನ್ನ ಗಂಡ ವಿಜೇಸಿರಿ ಸ್ವಂತ ಬಾಗಿಲ ಮುಂದಿನ ಹುಲ್ಲನ್ನೇ ಕಿತ್ತವನಲ್ಲ, ಶಾಲೆಯ ಹುಲ್ಲು ಕೀಳಲು ಬರುತ್ತಾನೆಯೇ?

ತಿಂಗಳಿಗೊಮ್ಮೆ ಪೇಟೆಯ ಟೆಲಿಫೋನ್ ಅಂಗಡಿಗೆ ಕರೆ ಮಾಡುತ್ತೇನೆ. ವಿಜೇಸಿರಿ ಮಗಳನ್ನು ಕರೆತರುತ್ತಾನೆ. "ಊಟ ಆಯ್ತಾ ಮಗಳೇ?" ಅಂದರೆ "ಹ್ಞೂಂ" ಅನ್ನುತ್ತಾಳೆ. "ಜಡೆ ಯಾರು ಹಾಕ್ತಾರೆ?" ಅಂದರೆ "ನಾನೇ" ಅನ್ನುತ್ತಾಳೆ. ನನ್ನ ಮಗಳಿಗೆ ತನ್ನ ಬೈತಲೆ ತಾನು ನೆಟ್ಟಗೆ ತೆಗೆದುಕೊಳ್ಳಲು ಬರುವುದಿಲ್ಲ, ಟೀಚರ್. ನಮ್ಮೂರ ಕಡೆಯಿಂದ ಹೊಸದಾಗಿ ಬಂದ ಹುಡುಗಿಯ ಬಳಿ ಪಕ್ಕದ ಮನೆಯಾಕೆ ಹೇಳಿಕಳಿಸಿದ್ದಾಳೆ: "ಕರುಣಾಗೆ ಹೇಳು, ಮನೆ ಖಾಲಿ ಬಿಟ್ರೆ ಬೀದಿ ಬೆಕ್ಕು ಬಂದು ಒಲೆ ಪಕ್ಕ ಮಲಗುತ್ತೆ." ಹುಡುಗಿ ಅದನ್ನು ನಗುತ್ತ ಹೇಳಿದಳು. ನಾನೂ ನಕ್ಕೆ.

ನಿಜ ಹೇಳಿ. ನನ್ನ ಮಗಳ ವಿಷಯದಲ್ಲಿ ನನಗೆ ಸುಳ್ಳು ಹೇಳದವರು ನೀವೊಬ್ಬರೇ ಎಂದುಕೊಂಡಿದ್ದೇನೆ.

ನಿಮ್ಮನ್ನು ನಂಬಿರುವ,
ಕರುಣಾವತಿ


ಗಲ್ಗಮುವ
3 ಡಿಸೆಂಬರ್ 1998

ಪ್ರೀತಿಯ ತಂಗಿ ಕರುಣಾ,

ನಿನ್ನ ಕಾಗದಕ್ಕೆ ಉತ್ತರ ಬರೆದು ಹರಿದೆ, ಮತ್ತೆ ಬರೆದೆ. ಈ ಸಲ ಹರಿಯುವುದಿಲ್ಲ.

ಶ್ರಮದಾನಕ್ಕೆ ಬಂದವಳ ಹೆಸರು ಬಿಸೋ ಮೆಣಿಕೆ. ಕೆರೆಯಾಚೆಯ ಹಳ್ಳಿಯವಳು. ಗಂಡ ತೀರಿಹೋಗಿದ್ದಾನೆ, ಮಕ್ಕಳಿಲ್ಲ. ನಿನ್ನ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಲು ಬರುತ್ತಿದ್ದಳಂತೆ. ವೈಶಾಖ ಹುಣ್ಣಿಮೆಯ ವೆಸಾಕ್ ಹಬ್ಬ ಕಳೆದ ಮೇಲೆ ತನ್ನ ಊರಿಗೆ ಹಿಂತಿರುಗಲಿಲ್ಲ. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಕೈ ಬಾರದು.

ಅವಳು ಬಂದ ದಿನ ಹೆಂಗಸರೆಲ್ಲ ಬಾವಿಯ ಸುತ್ತ ಕಳೆ ಕೀಳುತ್ತಿದ್ದರು. ಇವಳು ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಸೊಪ್ಪಿನ ಗಂಜಿಯ ಪಾತ್ರೆ ಹಿಡಿದು ಗೇಟಿನ ಬಳಿ ನಿಂತಳು. ಒಬ್ಬಳು ಬೇಕೆಂದೇ ಗಟ್ಟಿಯಾಗಿ ಕೇಳಿದಳು: "ನೀನು ಯಾವ ಲೆಕ್ಕದಲ್ಲಿ ಬಂದಿದ್ದೀಯಮ್ಮಾ?" ಇವಳು ಪಾತ್ರೆ ಕೆಳಗಿಟ್ಟು, "ಗುದ್ದಲಿ ಲೆಕ್ಕದಲ್ಲಿ ಅಕ್ಕಾ. ಒಂದು ಗುದ್ದಲಿ ಜಾಸ್ತಿಯಾಯ್ತು ಅಂತ ಹುಲ್ಲೇನೂ ಬೇಜಾರು ಮಾಡ್ಕೊಳ್ಳಲ್ಲ" ಎಂದಳು. ಕೆಲವರಿಗೆ ನಗು ತಡೆಯಲಾಗಲಿಲ್ಲ. ಉದೇಶಿಕಾ ಮಾತ್ರ ತರಗತಿಯ ಒಳಗೆ ಹೋಗಿ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದಳು. ಮಧ್ಯಾಹ್ನ ಗಂಜಿ ಹಂಚುವಾಗ ನೋಡಿದೆ, ಬಿಸೋಳ ಪಕ್ಕದಲ್ಲೇ ಕುಳಿತಿದ್ದಳು. ನಿನಗೆ ಬರೆಯುವಾಗ ಏನೆಂದು ಬರೆಯಲಿ? "ಮನೆಯವರು" ಎಂದು ಬರೆದೆ.

ನಿನಗೆ ಗೊತ್ತಿಲ್ಲದ್ದನ್ನೂ ಹೇಳಬೇಕು. ಹೋದ ವರ್ಷ ಈ ಹುಡುಗಿ ವಾರದ ಅರ್ಧದಷ್ಟು ದಿನಗಳು ಶಾಲೆಗೇ ಬರುತ್ತಿರಲಿಲ್ಲ. ಬಂದರೆ ತಲೆತುಂಬ ಹೇನು, ಫ್ರಾಕಿನ ಕಂಕುಳು ಹರಿದಿರುತ್ತಿತ್ತು. ಆರನೆಯ ತರಗತಿಯ ಟೀಚರು ಮನೆಗೆ ಹೇಳಿಕಳಿಸಿದರೆ ನಿನ್ನ ಗಂಡ ಕುಡಿದ ಬಾಯಲ್ಲಿ ಬಂದು, "ಓದಿ ಯಾರನ್ನ ಉದ್ಧಾರ ಮಾಡ್ಬೇಕು, ಇವಳೂ ಅವರಮ್ಮನ ಹಾಗೆ ಕುವೈತಿಗೇ ಹೋಗೋದಲ್ವಾ" ಎಂದು ಕೂಗಾಡಿ ಹೋಗಿದ್ದನಂತೆ. ಈಗ ಅವನು ಕುಡಿಯುವುದು ಕಡಿಮೆ. ಮಗಳ ತಲೆಯಲ್ಲಿ ಎಣ್ಣೆಯಿದೆ. ಪಾಠ ಓದಿಸಲು ಬಿಸೋಗೆ ಅಕ್ಷರ ಬಾರದು, ಆದರೆ ಹುಡುಗಿ ಓದುವ ತನಕ ಎದುರಿಗೆ ಕುಳಿತು ತರಕಾರಿ ಹೆಚ್ಚುತ್ತಾಳಂತೆ.

ಇನ್ನು ಹೇಳಲು ಕಷ್ಟವಾದದ್ದು. ನಿನ್ನ ಕಾಗದ ಬಂದ ಮೇಲೆ, ಒಂದು ಬೆಳಿಗ್ಗೆ ಸಮಾಜ ಪಾಠದ ನಡುವೆ, ಉದೇಶಿಕಾ ಕುಳಿತಲ್ಲಿಂದ ಏಳಲೇ ಇಲ್ಲ. ಹತ್ತಿರ ಹೋಗಿ ನೋಡಿದರೆ ಮಗು ದೊಡ್ಡವಳಾಗಿದ್ದಳು. ಮನೆಗೆ ಹೇಳಿಕಳಿಸಿದೆ. ಅಜ್ಜಿ ಗಾಡಿ ಮಾಡಿಕೊಂಡಾದರೂ ಬಂದಾರು ಎಂದುಕೊಂಡಿದ್ದೆ. ಬಿಸೋ ಕೊಡೆ, ಬಿಳಿ ಬಟ್ಟೆ ಹಿಡಿದು ಓಡಿಬಂದಳು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಹುಡುಗಿಯನ್ನು ಮುಚ್ಚಿಕೊಂಡು ಹಿತ್ತಿಲ ದಾರಿಯಲ್ಲಿ ಕರೆದೊಯ್ದಳು. ಹೋಗುವ ಮೊದಲು ನಿನ್ನ ಮಗಳು ನನ್ನ ಸೆರಗು ಹಿಡಿದು ಹೇಳಿದಳು: "ಅಮ್ಮನಿಗೆ ಬರೀಬೇಡಿ ಟೀಚರ್. ಅಲ್ಲಿ ಅವಳಿಗೆ ಅಳೋಕೂ ಜಾಗ ಇರಲ್ಲ."

ಒಳ್ಳೆಯ ಗಳಿಗೆ ನೋಡಿ ನೀರು ಹಾಕಿದರು. ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಮಡಿವಾಳಗಿತ್ತಿ ಬಂದು ಎಲ್ಲವನ್ನೂ ಕ್ರಮವಾಗಿ ನಡೆಸಿದಳು. ಆರತಿಯ ಹೊತ್ತಿಗೆ ಬಿಸೋ ಮುಂದೆ ಬಂದಾಗ ನಿನ್ನ ಅತ್ತೆ, "ತಾಯಿ ನಿಲ್ಲೋ ಜಾಗ ಅದು, ನೀನು ಒಳಗೆ ಹೋಗು" ಎಂದರು. ಅವಳು ಅಡುಗೆಮನೆಗೆ ಹೋದಳು. ಆರತಿಯ ಬಳಿ ನಿನ್ನ ಜಾಗ ಖಾಲಿಯೇ ಇತ್ತು, ಕರುಣಾ. ಶಾಸ್ತ್ರವೆಲ್ಲ ಮುಗಿದ ಮೇಲೆ ಹುಡುಗಿ ಹೊಸ ಬಟ್ಟೆಯಲ್ಲೇ ತಟ್ಟೆಯಲ್ಲಿ ಕತ್ತರಿಸಿಟ್ಟ ಹಾಲನ್ನದ ತುಂಡೊಂದನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ನನ್ನ ಸಂಕಟ ಕೇಳು. ಪೋಷಕರ ಸಭೆಗೆ ಬಿಸೋ ಬಂದಾಗ ಪ್ರಿನ್ಸಿಪಾಲರು ಬಾಗಿಲಲ್ಲೇ ತಡೆದರು. "ಟೀಚರ್, ಇದು ಪೋಷಕರ ಸಭೆ, ಊರವರ ಸಭೆ ಅಲ್ಲ. ತಾಯಿ ಬದುಕಿದ್ದಾಳೆ ತಾನೇ?" ಎಂದು ನನ್ನನ್ನೇ ಕೇಳಿದರು. ಬಿಸೋ ಮಾವಿನ ಮರದ ಕೆಳಗೆ ಕುಳಿತು, ಸಭೆ ಮುಗಿದ ಮೇಲೆ ಬೇರೆ ತಾಯಂದಿರನ್ನು ಕೇಳಿ ವಿಷಯ ತಿಳಿದುಕೊಂಡು ಹೋದಳು. ಜನವರಿಗೆ ಈ ಮಕ್ಕಳು ಎಂಟನೆಯ ತರಗತಿಗೆ ಹೋಗುತ್ತಾರೆ, ನಾನೂ ಅವರ ಜೊತೆಗೇ ಹೋಗುತ್ತೇನೆ. ಹುಡುಗಿಗೆ ಜ್ವರ ಬಂದರೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, ಶಾಲೆಯಿಂದ ಯಾರಿಗೆ ಹೇಳಿಕಳಿಸಲಿ? ಇದನ್ನು ನಾನಾಗಲಿ ಪ್ರಿನ್ಸಿಪಾಲರಾಗಲಿ ನಿರ್ಧರಿಸಲಾಗದು. ನೀನು ಹೇಳಬೇಕು.

ಮೊನ್ನೆ ಉದೇಶಿಕಾ ಕಪ್ಪುಹಲಗೆ ಒರೆಸುತ್ತ ಕೇಳಿದಳು: "ಅಮ್ಮ ಬಂದ್ರೆ ಬಿಸೋ ಚಿಕ್ಕಮ್ಮ ಹೋಗ್ಬೇಕಾ ಟೀಚರ್?" ತಾನೇ ಮತ್ತೆ, "ಅಮ್ಮನೂ ಬರ್ಬೇಕು" ಎಂದಳು.

ಫೆಬ್ರವರಿ ಇಪ್ಪತ್ತಕ್ಕೆ ಶಾಲೆಯ ಆಟೋಟ. ಎಲ್ಲರ ಮನೆಯವರೂ ಬರುತ್ತಾರೆ. ರಜೆ ಸಿಗುವುದಾದರೆ ಬಾ. ಸಿಗದಿದ್ದರೆ ಬರೆ.

ನಿನ್ನ ಅಕ್ಕನಂಥವಳು,
ಸ್ವರ್ಣಾ ಹೇರತ್


22 ಫೆಬ್ರವರಿ 1999

ಗೌರವದ ಟೀಚರ್ ಅವರಿಗೆ,

ತ್ರಿರತ್ನಗಳ ಶರಣು ನಿಮಗಿರಲಿ. ಉತ್ತರ ತಡವಾಯಿತು. ನಿಮ್ಮ ಕಾಗದವನ್ನು ಓದಿದ ದಿನ ನನ್ನ ಕೈಯಿಂದ ಒಂದು ಗಾಜಿನ ಪಾತ್ರೆ ಬಿದ್ದು ಒಡೆಯಿತು. ಮೇಡಂ ಬೈದರು. ಬೈಸಿಕೊಂಡದ್ದು ಒಳ್ಳೆಯದೇ ಆಯಿತು, ಅದರ ನೆಪದಲ್ಲಿ ಅತ್ತುಬಿಟ್ಟೆ.

ಮೊದಮೊದಲು ಊರಿಗೆ ಬಂದು ಆ ಬಿಸೋಳ ಜುಟ್ಟು ಹಿಡಿದು ಕೆರೆಯಾಚೆಗೆ ಎಳೆದುಹಾಕಬೇಕು ಎನ್ನಿಸುತ್ತಿತ್ತು. ಬಟ್ಟೆ ಒಗೆಯುವಾಗ, ನೆಲ ಒರೆಸುವಾಗ ಅವಳಿಗೆ ಹೇಳಬೇಕಾದ ಬೈಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಗಂಡನ ವಿಷಯಕ್ಕೆ ಅಷ್ಟು ಉರಿಯಲಿಲ್ಲ, ಟೀಚರ್. ಅವನನ್ನು ಬೇಕಾದವರು ಇಟ್ಟುಕೊಳ್ಳಲಿ. ಮಗಳು ದೊಡ್ಡವಳಾದ ದಿನ ನನ್ನ ಜಾಗ ಖಾಲಿ ಇತ್ತು ಎಂದು ಬರೆದಿರಲ್ಲ, ಆ ಸಾಲಿನ ಹತ್ತಿರ ಬಂದಾಗಲೆಲ್ಲ ಕಾಗದ ಮಡಚಿಡುತ್ತೇನೆ. ಆ ದಿನಕ್ಕೆಂದೇ ಒಂದು ಜೊತೆ ಓಲೆ ಎತ್ತಿಟ್ಟಿದ್ದೆ. ಹಲಾವತದಲ್ಲಿರುವ ನನ್ನ ಅಕ್ಕ ತಂದುಕೊಡುತ್ತಾಳೆ. ನೀವೇ ಅವಳ ಕಿವಿಗೆ ಹಾಕಿ.

ನೀವು ಕೇಳಿದ್ದಕ್ಕೆ ಉತ್ತರ ಇದು. ಶಾಲೆಯಿಂದ ಬಿಸೋ ಮೆಣಿಕೆಗೆ ಹೇಳಿಕಳಿಸಿ. ಸಭೆಗೆ ಅವಳನ್ನು ಕೂರಿಸಿ, ಮರದ ಕೆಳಗಲ್ಲ, ಒಳಗೆ. ಪ್ರಿನ್ಸಿಪಾಲರು ಕೇಳಿದರೆ, ತಾಯಿ ಬದುಕಿದ್ದಾಳೆ, ಅವಳೇ ಒಪ್ಪಿದ್ದಾಳೆ ಎಂದು ಹೇಳಿ. ಅದಕ್ಕೆ ಬೇರೆ ಚೀಟಿ ಬರೆದು ಸಹಿ ಹಾಕಿ ಇದರ ಜೊತೆಗಿಟ್ಟಿದ್ದೇನೆ. ಶಾಲೆಯ ದಾಖಲೆಯಲ್ಲಿ ತಾಯಿಯ ಹೆಸರು ಎಂಬಲ್ಲಿ ಮಾತ್ರ ನನ್ನ ಹೆಸರೇ ಇರಲಿ. ಅದನ್ನು ಅಳಿಸಬೇಡಿ.

ಕುವೈತಿನಲ್ಲಿ ಮೇಡಮ್ಮಿನ ಕಿರಿಮಗ ನಾನು ಕಲಸಿಕೊಟ್ಟರೆ ಮಾತ್ರ ಉಣ್ಣುತ್ತಾನೆ. ಅವನಿಗೆ ಹಲ್ಲುನೋವೆಂದು ಶಾಲೆಯವರು ಫೋನ್ ಮಾಡಿದಾಗ ಡ್ರೈವರನ ಜೊತೆ ಓಡಿದ್ದು ನಾನು. ಆ ಟೀಚರು ನನ್ನನ್ನು ಯಾವ ಲೆಕ್ಕದವಳೆಂದು ಕೇಳಲಿಲ್ಲ, ಮಗುವನ್ನು ಕೈಗೆ ಕೊಟ್ಟರು. ಇದನ್ನೆಲ್ಲ ಬರೆಯುತ್ತಿರುವುದು ನಾನು ದೊಡ್ಡ ಮನಸ್ಸಿನವಳೆಂದು ತೋರಿಸಲಿಕ್ಕಲ್ಲ. ನಾನು ಬಿಸೋಳನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ಬಿಸೋಗೆ ಕೆಲವು ವಿಷಯ ತಿಳಿದಿರಬೇಕು. ಕೆರೆಯಲ್ಲಿ ಮುಳುಗಿ ಸ್ನಾನ ಮಾಡಿದರೆ ಉದೇಶಿಕಾಳ ಎಡಗಿವಿ ಸೋರುತ್ತದೆ, ಹತ್ತಿ ಇಡಬೇಕು. ಜ್ವರ ಬರುವ ಮೊದಲು ಸುಮ್ಮಸುಮ್ಮನೆ ಸಿಟ್ಟು ಮಾಡುತ್ತಾಳೆ, ಹೊಡೆಯಬಾರದು, ಹಣೆ ಮುಟ್ಟಿ ನೋಡಬೇಕು. ಹಾಗಲಕಾಯಿಯನ್ನು ಕೊಬ್ಬರಿ ಹಾಕಿ ಹುರಿದರೆ ತಿನ್ನುತ್ತಾಳೆ. ಇದನ್ನೆಲ್ಲ ನಾನು ಹೇಳಿದೆನೆಂದು ಅವಳಿಗೆ ತಿಳಿಯುವುದು ಬೇಡ, ನೀವೇ ಗಮನಿಸಿದ್ದೆಂದು ಹೇಳಿ.

ಕೆಲಸದ ಒಪ್ಪಂದವನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಲು ಒಪ್ಪಿದ್ದೇನೆ. ಆಟೋಟಕ್ಕೆ ಅಮ್ಮ ಯಾಕೆ ಬರಲಿಲ್ಲ ಎಂದು ಮಗಳು ಕೇಳಿದರೆ, ಮೇಡಂ ರಜೆ ಕೊಡಲಿಲ್ಲ ಎನ್ನಿ. ನನಗೆ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ, ಟೀಚರ್. ಅವಳ ಅಂಕ, ಅವಳ ಎತ್ತರ, ಯಾರ ಜೊತೆ ಕುಳಿತುಕೊಳ್ಳುತ್ತಾಳೆ, ಯಾವುದಕ್ಕೆ ನಗುತ್ತಾಳೆ, ಎಲ್ಲ ಬರೆಯಿರಿ. ಬೇಸರದ ಸುದ್ದಿಯಾದರೂ ಸರಿ.

ನಿಮ್ಮ,
ಕರುಣಾವತಿ

ಮರುಬರಹ: ಈ ಕಾಗದವನ್ನು ಕುವೈತಿನಿಂದ ಬರೆಯುತ್ತಿಲ್ಲ, ವಾಪಸು ಹೊರಡುವ ಮುಂಚೆ ನಮ್ಮ ದೇಶದ್ದೇ ಆದ ಕಟುನಾಯಕದ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ರಜೆ ಸಿಕ್ಕಿತ್ತು. ಅಕ್ಕನ ಮನೆಗೆ ಬಂದಿಳಿದು, ಯಾರಿಗೂ ಹೇಳದೆ ಆಟೋಟಕ್ಕೆ ಬಂದಿದ್ದೆ. ಮಗಳನ್ನು ಕರೆದುಕೊಂಡೇ ಮನೆಗೆ ಹೋಗುವುದು, ಬಿಸೋಳನ್ನು ಹೊರಗೆ ಹಾಕುವುದು ಎಂದು ನಿಶ್ಚಯ ಮಾಡಿಕೊಂಡೇ ಬಂದಿದ್ದೆ. ಜನರ ಹಿಂದೆ ಕೊಡೆ ಹಿಡಿದು ನಿಂತಿದ್ದ ನನ್ನನ್ನು ನೋಡಿ ನೀವು, "ಬಿಸಿಲಲ್ಲಿ ಯಾಕಮ್ಮಾ ನಿಂತಿದ್ದೀಯ, ನೆರಳಿಗೆ ಬಾ" ಎಂದು ಹೇಳಿ ಮುಂದೆ ಹೋದಿರಿ. ನೀವು ನನ್ನನ್ನು ಎಂದೂ ನೋಡಿದವರಲ್ಲವಲ್ಲ. ತಾಯಂದಿರಿಗೆ ತೆಂಗಿನಗರಿ ಹೆಣೆಯುವ ಸ್ಪರ್ಧೆ ನಡೆಯುತ್ತಿತ್ತು. ಉದೇಶಿಕಾ ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಪಕ್ಕದಲ್ಲಿ ಕುಣಿಯುತ್ತಿದ್ದಳು, ನನ್ನ ಭುಜದಷ್ಟು ಎತ್ತರ ಬೆಳೆದಿದ್ದಾಳೆ. ಇದ್ದಕ್ಕಿದ್ದಂತೆ "ಅಮ್ಮಾ! ಬೇಗ ಅಮ್ಮಾ!" ಎಂದು ಕೂಗಿದಳು. ಕೊಡೆ ಕೈಬಿಟ್ಟು, ಜನರನ್ನು ಸರಿಸಿಕೊಂಡು ನಾನು ಹಗ್ಗದವರೆಗೂ ಬಂದುಬಿಟ್ಟಿದ್ದೆ. ಬಿಸೋ ಗರಿಯಿಂದ ತಲೆ ಎತ್ತದೆಯೇ, "ಆಯ್ತು ಮಗಳೇ, ಆಗೋಯ್ತು" ಎಂದಳು.

ಗರಿ ಚೆನ್ನಾಗಿ ಹೆಣೆಯುತ್ತಾಳೆ, ಟೀಚರ್.